ಅಳತೆಗೆ ಕೊಟ್ಟ ಅಂಗಿ

ದರ್ಜಿ ಗುರುಸಿದ್ದಯ್ಯ ದಪ್ಪನೆಯ ಬಿಳಿ ಬಟ್ಟೆಯನ್ನು ಬೆರಳುಗಳಲ್ಲಿ ಉಜ್ಜಿ ನೋಡಿ, ಮೇಜಿನ ಮೇಲಿಟ್ಟು, "ಅಳತೆ ಎಲ್ಲವ್ವ?" ಎಂದ.

ಅಳತೆ ಎಂದರೆ ಹಳೆಯ ಬಟ್ಟೆ. ಕೊಳ್ಳೇಗಾಲದಲ್ಲಿ ಆಗ ಮೈನೆರೆದ ಹುಡುಗಿಗೆ ದರ್ಜಿ ಟೇಪು ಹಿಡಿಯುತ್ತಿರಲಿಲ್ಲ. ಹಳೆಯ ರವಿಕೆಯನ್ನೋ ಲಂಗವನ್ನೋ ಕೊಟ್ಟರೆ ಅದರ ಮೇಲೆ ಟೇಪು ಓಡಿಸಿ ಹೊಸದನ್ನು ಹೊಲಿಯುತ್ತಿದ್ದ. ಆದರೆ ನಾವು ಹೊಲಿಸಲು ಹೋಗಿದ್ದದ್ದು ಕರಾಟೆ ಬಟ್ಟೆ. ಹಳೆಯದೆಂದು ಊರಿನಲ್ಲಿ ಇದ್ದದ್ದು ಒಂದೇ, ಅದು ನಮ್ಮ ಶಾಲೆಯ ಪಿ.ಟಿ. ಮಾಸ್ತರು ಶಿವನಂಜಯ್ಯನವರ ಮೈಮೇಲಿತ್ತು.

ಶಿವನಂಜಯ್ಯನವರು ಮೈಸೂರಿನಲ್ಲಿ ಕರಾಟೆ ಕಲಿತು ಬಂದು, ಬೆಳಗಿನ ಹೊತ್ತು ಶಾಲೆಯ ಹಜಾರದಲ್ಲಿ ಕಲಿಸುತ್ತಿದ್ದರು. ಹತ್ತನೆಯ ತರಗತಿಯ ಪುಟ್ಟಮಾದಮ್ಮ ಅಲ್ಲಿದ್ದ ಒಬ್ಬಳೇ ಹುಡುಗಿ. ಲಂಗವನ್ನು ಎತ್ತಿ ಕಟ್ಟಿ, ಒಳಗೆ ಅಣ್ಣನ ಪೈಜಾಮ ಹಾಕಿಕೊಂಡು ಬರುತ್ತಿದ್ದಳು. ಅಭ್ಯಾಸಕ್ಕೆ ಅದು ಸಾಕಾಗಿತ್ತು. ಭಾನುವಾರ ಮೈಸೂರಿನಲ್ಲಿ ನಡೆಯುವ ಸ್ಪರ್ಧೆಗೆ ಸಾಲದು. ಪರೀಕ್ಷೆ ಮುಗಿದರೆ ಅವಳ ಶಾಲೆಯೂ ಮುಗಿಯುತ್ತದೆ, ಕರಾಟೆಯೂ ಮುಗಿಯುತ್ತದೆ ಎಂದು ಮನೆಯಲ್ಲಿ ಆಗಲೇ ತೀರ್ಮಾನವಾಗಿತ್ತು. ಅವಳಿಗೆ ಸಿಗುವುದಾದರೆ ಈ ಒಂದು ಸ್ಪರ್ಧೆ.

ಹೆಣ್ಣು ಮಗಳ ಜೊತೆಗೆ ಹೆಂಗಸೊಬ್ಬಳು ಬೇಕು ಎಂದು ಅವಳ ತಾಯಿ ಮಾದೇವಮ್ಮ ಹಟ ಹಿಡಿದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ಎಂ.ಎ. ಓದಿದ್ದು ಮೈಸೂರಿನಲ್ಲಿ. ನನ್ನ ಗಂಡ ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡ ಮೇಲೆ ಆ ಊರಿಗೆ ಹೋಗಿರಲಿಲ್ಲ. ಆದರೂ ಆಗಲಿ ಎಂದೆ. ಆ ದಿನಗಳಲ್ಲಿ ಇಲ್ಲ ಎನ್ನುವುದಕ್ಕಿಂತ ಆಗಲಿ ಎನ್ನುವುದು ಸುಲಭವಾಗಿತ್ತು.

"ಬಗಲಲ್ಲಿ ಬಿಗಿ ಇರಬಾರದು ಕಣಯ್ಯ," ಶಿವನಂಜಯ್ಯನವರು ದರ್ಜಿಗೆ ಹೇಳುತ್ತಿದ್ದರು. "ಅಂಗಿ ಸೊಂಟ ಮುಚ್ಚಬೇಕು. ತೋಳು ಮೊಣಕೈ ದಾಟಬೇಕು, ಮಣಿಕಟ್ಟು ದಾಟಬಾರದು. ಷರಾಯಿ ತೊಡೇಲಿ ಸಡ್ಲ ಇರಬೇಕು. ಯಾಕೆ ಅಂದ್ರೆ..." ಎಂದು ರಸ್ತೆಯಲ್ಲಿ ನಿಂತೇ ಕಾಲನ್ನು ಕಿವಿಯ ಎತ್ತರಕ್ಕೆ ಬೀಸಿದರು. ಅಂಗಡಿಯ ಮುಂದೆ ಬಾಳೆಸಿಪ್ಪೆ ತಿನ್ನುತ್ತಿದ್ದ ಆಡು ಹಾರಿ ಓಡಿತು.

"ತಿಳೀತು ಸಾ, ಕಾಲು ಇಳುಸಿ," ಎಂದ ಗುರುಸಿದ್ದಯ್ಯ. "ಅಳತೆ ಕೊಟ್ರೆ ಹೊಲ್ದು ಕೊಡ್ತೀನಿ."

"ಅಳತೆ ತಾನೆ? ನಾಳೆ ಕಳುಸ್ತೀನಿ ಬುಡಿ," ಎಂದಳು ಮಾದೇವಮ್ಮ.

ಕಳಿಸಿದಳು. ಹನೂರಿನ ಕಡೆ ಬಿದಿರು ಸಾಗಿಸುವ ಲಾರಿ ಓಡಿಸುತ್ತಿದ್ದ ತನ್ನ ಗಂಡನ ತುಂಬುತೋಳಿನ ಅಂಗಿಯನ್ನು. ಅವರ ಮನೆಯಲ್ಲಿ ಮಕ್ಕಳ ಬಟ್ಟೆಯನ್ನು ಮೈಗೆ ಸರಿಯಾಗಿ ಹೊಲಿಸಿದ್ದೇ ಇಲ್ಲ. ಬೆಳೆಯುವ ಮೈಗೆಂದು ದೊಡ್ಡದಾಗಿ ಹೊಲಿಸಿ, ಮಡಿಕೆ ಹಾಕಿ, ವರ್ಷಕ್ಕೊಂದು ಮಡಿಕೆ ಬಿಚ್ಚುವುದು ರೂಢಿ. ಗುರುಸಿದ್ದಯ್ಯ ಅಂಗಿಯ ಮೇಲೆ ಟೇಪು ಓಡಿಸಿ, ಚೆನ್ನಾಗಿ ಹೊಲಿದು, ಶುಕ್ರವಾರ ಬೆಳಿಗ್ಗೆ ಕೊಟ್ಟು, ಅಂಗಡಿಗೆ ಬೀಗ ಹಾಕಿ ಯಳಂದೂರಿಗೆ ಮದುವೆಗೆ ಹೋದ.

ಸಂಜೆ ಹಜಾರದಲ್ಲಿ ಪುಟ್ಟಮಾದಮ್ಮ ಅದನ್ನು ತೊಟ್ಟು ನಿಂತಳು.

"ಇದೇನವ್ವ, ಕೈ ಎಲ್ಲಿ?" ಎಂದರು ಮಾಸ್ತರು.

"ಒಳಗವೆ ಸಾ."

"ಒಂದು ಗುದ್ದು ಗುದ್ದು, ನೋಡಾನ."

ಗುದ್ದಿದಳು. ಮುಷ್ಟಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ತೋಳಿನ ತುದಿ ನಿಲ್ಲದೆ ಮುಂದೆ ಹೋಗಿ, ಹಿಂದಿರುಗಿ ಬಂದು ಅವಳದೇ ಕೆನ್ನೆಗೆ ಬಡಿಯಿತು. ಹುಡುಗರು ನೆಲಕ್ಕೆ ಬಿದ್ದು ನಕ್ಕರು.

"ಕಿಸೀಬ್ಯಾಡಿ ಕಣ್ಲಾ!" ಎಂದು ಗದರಿದಳು ಮಾದೇವಮ್ಮ. "ಎಷ್ಟು ಲಕ್ಷಣವಾಗದೆ. ಒಂದು ಉಗುರು ಕಾಣಕ್ಕಿಲ್ಲ. ಮದ್ವೆ ಆದ್ಮೇಲೂ ಬತ್ತದೆ."

"ತೋಳು ಮಣಿಕಟ್ಟು ದಾಟಿದ್ರೆ ಅಂಕಣದೊಳಕ್ಕೇ ಬುಡಕ್ಕಿಲ್ಲ ಕಣವ್ವ."

"ಮಡಿಸ್ಕಂಡ್ರೆ?"

"ಮಡಿಸಂಗಿಲ್ಲ. ಮಡಿಕೇಲಿ ಎದುರಿನವಳ ಬೆರಳು ಸಿಕ್ಕಂಡು ಮುರೀತದೆ."

"ಅವಳ ಬೆರಳು ಅವಳು ನೋಡ್ಕತಾಳೆ, ನಮಗ್ಯಾಕೆ?"

ಮಾಸ್ತರು ತಲೆಯ ಮೇಲೆ ಕೈಯಿಟ್ಟುಕೊಂಡರು. "ಸರಿ, ಒಂದು ಗೇಣು ಕತ್ತರಿಸಿ ಹೊಲಿಸಾಣ."

"ಹೊಸ ಬಟ್ಟೆಗೆ ಕತ್ತರಿ ಆಕುದ್ರೆ ಇವಳು ಮೈಸೂರ್ಗೆ ಬರಕ್ಕಿಲ್ಲ. ಏಳಿವ್ನಿ."

ತೋಳಿನೊಳಗೆ ಪುಟ್ಟಮಾದಮ್ಮನ ಮುಷ್ಟಿ ಬಿಗಿಯಾಗುವುದು ಬಟ್ಟೆಯ ಮೇಲಿಂದ ಕಾಣುತ್ತಿತ್ತು.

ನಾನು ಸೂಜಿ ದಾರ ತರಿಸಿ ಭುಜದ ಹತ್ತಿರ ಒಳಮಡಿಕೆ ಹಾಕಿ ಹೊಲಿದೆ. ಮೊದಲ ಗುದ್ದಿಗೇ ದಾರ ಪಟಪಟ ಹರಿಯಿತು. ಮತ್ತೆ ಹೊಲಿಯಲು ಬಟ್ಟೆ ಎಳೆದುಕೊಂಡಾಗ ಅದರ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ನೀರು ಕಾಣದ ಬಟ್ಟೆ.

ನನ್ನ ಗಂಡನದೊಂದು ಪ್ಯಾಂಟು ಇದೇ ಬಟ್ಟೆಯದು. ಮದುವೆಯಾದ ಹೊಸತರಲ್ಲಿ ನಾನು ಬೆಳ್ಳಗಾಗಲಿ ಎಂದು ಅದನ್ನು ಹಂಡೆಯಲ್ಲಿ ಕುದಿಸಿದೆ. ಒಣಗಿದ ಮೇಲೆ ಅವರು ಹಾಕಿಕೊಂಡರೆ ಕಣಕಾಲು ಕಾಣುತ್ತಿತ್ತು. ಅದನ್ನೇ ತೊಟ್ಟು ಕಾಲೇಜಿಗೆ ಹೋದರು. ಜೊತೆಯ ಮೇಷ್ಟರುಗಳು, "ಹೊಳೆ ದಾಟಿ ಬಂದಿರೇನ್ರಿ?" ಎಂದು ಕೇಳಿದರಂತೆ. "ಇಲ್ಲ, ದಾಟುವುದಕ್ಕೆ ಹೊರಟಿದ್ದೇನೆ," ಎಂದರಂತೆ ಇವರು.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನಕ್ಕದ್ದನ್ನು ಅದುವರೆಗೆ ಅಲ್ಲಿ ಯಾರೂ ನೋಡಿರಲಿಲ್ಲ.

"ಕುದಿಸೋಣ," ಎಂದೆ. "ಕತ್ತರಿ ಬೇಡ. ತಾನಾಗಿಯೇ ಕುಗ್ಗುತ್ತದೆ."

ಮಾದೇವಮ್ಮ ಯೋಚಿಸಿದಳು. ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲವೆಂದು ಅವಳಿಗೂ ಗೊತ್ತು. ಆದರೆ ಬಟ್ಟೆ ಎಲ್ಲೂ ಹೋಗುವುದಿಲ್ಲ, ಅಂಗಿಯಲ್ಲೇ ಇರುತ್ತದೆ. "ಆಗ್ಲಿ ಬುಡಿ. ನಮ್ಮನೇಲಿ ಬಾಣಲೆ ಅದೆ," ಎಂದಳು.

ಅದು ರೇಷ್ಮೆಗೂಡು ಬೇಯಿಸುವ ಬಾಣಲೆ. ಅವರ ಹಿತ್ತಿಲಲ್ಲಿ ನೂಲು ಬಿಚ್ಚುವ ಚರಕವಿತ್ತು. ಶನಿವಾರ ಬೆಳಿಗ್ಗೆ ಗೂಡುಗಳನ್ನು ಪಕ್ಕಕ್ಕಿಟ್ಟು ಅಂಗಿಯನ್ನೂ ಷರಾಯಿಯನ್ನೂ ಇಳಿಸಿದೆವು. ಮಾದೇವಮ್ಮ ಎಡತೋಳನ್ನು ಅಂಚಿನ ಮೇಲೆ ಹಿಡಿಯಂತೆ ಹಿಡಿದು, ಉಳಿದದ್ದನ್ನು ಕೋಲಿನಿಂದ ಮುಳುಗಿಸಿ ಮುಳುಗಿಸಿ ತಿರುವಿದಳು. ಕುದಿಸಿ, ಒಣಗಿಸಿ, ಮತ್ತೆ ಕುದಿಸಿದೆವು. ಸಂಜೆಗೆ ಬಟ್ಟೆ ಹಲಗೆಯಂತಾಗಿ, ತುಸು ಹಳದಿಗೆ ತಿರುಗಿತ್ತು. ಪುಟ್ಟಮಾದಮ್ಮ ತೊಟ್ಟಳು. ಬಲಗೈಯ ಮುಷ್ಟಿ ಹೊರಗೆ ಬಂದಿತ್ತು. ಗಾಳಿಗೆ ಗುದ್ದಿದಾಗ ತೋಳು ಫಟ್ಟೆಂದಿತು.

"ಕೇಳುಸ್ತಾ ಮೇಡಂ?" ಎಂದು ಕೂಗಿದಳು. ಮತ್ತೆ ಗುದ್ದಿದಳು. ಚರಕದ ಮೇಲಿದ್ದ ಕೋಳಿ ಎದ್ದು ಹೋಯಿತು.

"ರೇಷ್ಮೆ ಉಳದ ನಾತ ಒಡೀತದಲ್ಲ," ಎಂದು ಮೂಗು ಮುಚ್ಚಿಕೊಂಡ ಅವಳ ಅಣ್ಣ.

"ಒಡೀಲಿ. ಯಾವಳೂ ಅತ್ರ ಬರಕ್ಕಿಲ್ಲ," ಎಂದಳು ಮಾದೇವಮ್ಮ.

ಭಾನುವಾರ ಮೊದಲ ಬಸ್ಸಿಗೆ ಅವಳೂ ಬಂದಳು. ಬಟ್ಟೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ ಎಂದಳು.

ಮೈಸೂರಿನ ಬಸ್ ನಿಲ್ದಾಣದಿಂದ ಆಸ್ಪತ್ರೆಯ ರಸ್ತೆಯಲ್ಲೇ ನಡೆಯಬೇಕಾಯಿತು. ಮಾದೇವಮ್ಮ ಒಂದೇ ಸಮನೆ ಮಾತಾಡುತ್ತಿದ್ದಳು. ರಸ್ತೆ ಮುಗಿದದ್ದು ನನಗೆ ತಿಳಿಯಲಿಲ್ಲ.

ಸ್ಪರ್ಧೆಯ ಹಜಾರದಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ತೀರ್ಪುಗಾರರು ಒಬ್ಬೊಬ್ಬರ ಉಗುರು, ತೋಳು, ಷರಾಯಿ ನೋಡುತ್ತ ಬಂದರು. ಪುಟ್ಟಮಾದಮ್ಮನ ಹತ್ತಿರ ನಿಂತು ಗಾಳಿಯನ್ನು ಮೂಸಿದರು. ಬಲಗೈ ನೋಡಿದರು, ಸರಿ ಎಂದರು. ಎಡಗೈ ನೋಡಿದರು.

"ಇದು ಉದ್ದ. ಪಕ್ಕಕ್ಕೆ ನಿಲ್ಲಮ್ಮ."

ಬಾಣಲೆಯ ಅಂಚಿನ ಮೇಲೆ ಮಾದೇವಮ್ಮ ಹಿಡಿದಿದ್ದ ಆ ತೋಳು ಪೂರ್ತಿ ನೀರು ಕುಡಿದಿರಲಿಲ್ಲ. ಅದು ಅಂಗೈಯ ಅರ್ಧಕ್ಕೆ ಬಂದಿದ್ದನ್ನು ಬಲಗೈಯ ಸದ್ದಿನ ಸಂಭ್ರಮದಲ್ಲಿ ನಾವು ಯಾರೂ ನೋಡಿರಲಿಲ್ಲ. ಶಿವನಂಜಯ್ಯನವರು ಬೇಡಿಕೊಂಡರು. ತೀರ್ಪುಗಾರರು ತಲೆಯಾಡಿಸಿ, ಅವಳ ಹೆಸರು ಕೂಗುವುದರೊಳಗೆ ಸರಿ ಮಾಡಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದರು. ಪುಟ್ಟಮಾದಮ್ಮ ಗೋಡೆಗೊರಗಿ ನಿಂತಳು. ಅಳಲಿಲ್ಲ. ಅಂಕಣದಲ್ಲಿ ಆಡುತ್ತಿದ್ದವರ ಕಾಲುಗಳನ್ನೇ ನೋಡುತ್ತಿದ್ದಳು. ಅವಳ ಹಿಮ್ಮಡಿ ತಾನಾಗಿ ಮೇಲೇಳುತ್ತಿತ್ತು, ಇಳಿಯುತ್ತಿತ್ತು.

ಮಾದೇವಮ್ಮ ಆ ಹಿಮ್ಮಡಿಯನ್ನು ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕತ್ತರಿ ಅದಾ ಮೇಡಂ?"

ಗಾಯಕ್ಕೆ ಪಟ್ಟಿ ಕಟ್ಟುವವರ ಪೆಟ್ಟಿಗೆಯಿಂದ ತಂದುಕೊಟ್ಟೆ. "ಕೈ ನೀಡಮ್ಮಿ," ಎಂದು ಮಗಳ ತೋಳು ಹಿಡಿದು, ಹಲ್ಲು ಕಚ್ಚಿ, ಬಟ್ಟೆಯ ತುದಿಯನ್ನು ಸುತ್ತಲೂ ಕತ್ತರಿಸಿದಳು. ಚೀಲದಲ್ಲಿದ್ದ ಸೂಜಿ ದಾರ ತೆಗೆದು, ಅಂಚನ್ನು ನಾನು ಒಳಗೆ ಮಡಿಚಿ ಒತ್ತಾಗಿ ಹೊಲಿದೆ. ಕೊನೆಯ ಗಂಟು ಹಾಕಿ ದಾರ ಕಡಿಯುವಾಗ ಹೆಸರು ಕೂಗಿದರು.

ಮೊದಲ ಪಂದ್ಯದಲ್ಲಿ ಎದುರಿನ ಹುಡುಗಿ ಬಾಗಿ ನಮಸ್ಕರಿಸಿ, ತಲೆಯೆತ್ತುವಾಗ ಮೂಗು ಸೊಟ್ಟಗೆ ಮಾಡಿದಳು. ಅಷ್ಟರಲ್ಲಿ ಫಟ್ಟೆಂಬ ಸದ್ದು ಹಜಾರಕ್ಕೆಲ್ಲ ಕೇಳಿಸಿತು. ಪುಟ್ಟಮಾದಮ್ಮ ಗೆದ್ದಳು. ಎರಡನೆಯದನ್ನೂ ಗೆದ್ದಳು. ಮೂರನೆಯದರಲ್ಲಿ ಬೆಂಗಳೂರಿನ ಎತ್ತರದ ಹುಡುಗಿಯೊಬ್ಬಳು ಅವಳನ್ನು ಸಲೀಸಾಗಿ ಸೋಲಿಸಿದಳು. ಇವಳು ಸೋತಾಗಲೂ ಮಾದೇವಮ್ಮ ಚಪ್ಪಾಳೆ ತಟ್ಟಿದಳು. ಮುಗಿಯಿತೆಂದು ಅವಳಿಗೆ ತಿಳಿದಿರಲಿಲ್ಲ.

ವಾಪಸು ಬಸ್ಸಿನಲ್ಲಿ ಮಾದೇವಮ್ಮ ಸೆರಗಿನ ಗಂಟು ಬಿಚ್ಚಿ ನೋಡಿದಳು. ಕತ್ತರಿಸಿದ ತೋಳಿನ ತುಂಡು ಅದರೊಳಗಿತ್ತು.

"ಇದ್ಯಾಕವ್ವ?" ಎಂದಳು ಮಗಳು.

"ನೀನು ಬೆಳೆದ್ಮೇಲೆ ಜೋಡುಸ್ಬೋದು."

"ಬೆಳೆದ್ರೆ ಹೊಸುದು ಹೊಲ್ಸು."

ಮಾದೇವಮ್ಮ ಕಿಟಕಿಯಾಚೆ ನೋಡಿದಳು. ಬಸ್ಸು ನರಸೀಪುರದ ಸೇತುವೆ ದಾಟುವಾಗ ತುಂಡನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡಳು.

"ಗುರುಸಿದ್ದಯ್ಯ ಅಳತೆ ಕೇಳ್ತಾನಲ್ಲ," ಎಂದಳು ಕೊನೆಗೆ.

"ಇದುನ್ನೇ ಕೊಡು," ಎಂದು ಪುಟ್ಟಮಾದಮ್ಮ ಎರಡೂ ಕೈ ಮುಂದೆ ಚಾಚಿದಳು. ಮುಂದಿನ ಸೀಟಿನವರು ಮೂಗಿಗೆ ಟವೆಲು ಹಿಡಿದು ತಿರುಗಿ ನೋಡಿದರು.

"ಅದ್ಕೂ ಎರಡು ಬೆರಳು ಎಚ್ಗೆ ಮಡುಗ್ಸ್ತೀನಿ," ಎಂದಳು ಮಾದೇವಮ್ಮ.

"ಒಂದು," ಎಂದೆ ನಾನು.