ಬಾಟ್ಲಿ ಇದ್ರೆ ಕೊಟ್ಬುಡಿ

ಮಸಿನಗುಡಿ ದಾರಿಯ ಚೆಕ್‌ಪೋಸ್ಟಿನಲ್ಲಿ ಪ್ರವಾಸಿಗರ ಕಾರು ತಡೆದು, ನೀರಿನ ಪ್ಲಾಸ್ಟಿಕ್ ಬಾಟಲಿ ಕಿತ್ತಿಟ್ಟುಕೊಳ್ಳುವುದು ಪ್ರೇಮಲತಾಳ ಕೆಲಸ. ಬೆಳಗಿನಿಂದ ಅದೇ ಮಾತು, ಅದೇ ಬೈಗುಳ. "ಒಂದು ಬಾಟ್ಲಿಯಿಂದ ಕಾಡು ಹಾಳಾಗುತ್ತಾ ಮೇಡಂ?" ಎಂದು ಪ್ರತಿ ಕಾರಿನವರೂ ಕೇಳುತ್ತಾರೆ. ಆ ಒಂದೊಂದೇ ಸೇರಿ ಅವಳ ಬೆನ್ನ ಹಿಂದೆ ಗುಡ್ಡವಾಗಿದೆ.

ಸಂಜೆ ಮನೆಗೆ ಬಂದವಳು ಗೋಡೆಗೊರಗಿ ಅಲ್ಲೇ ತೂಕಡಿಸಿದಳು. ಬಾಗಿಲು ಕಿರುಗುಟ್ಟಿತು. ಕಣ್ಣು ಬಿಡದೆಯೇ, "ಬಾಟ್ಲಿ ಇದ್ರೆ ಕೊಟ್ಬುಡಿ" ಎಂದಳು.

ಬಂದವನು ಗಂಡ ಜಗದೀಶ; ಕುಡಿತ ಬಿಟ್ಟೆನೆಂದು ಮಾದಪ್ಪನ ಮೇಲೆ ಆಣೆ ಮಾಡಿದ್ದವನು. ಬೆಚ್ಚಿಬಿದ್ದು, ಸೊಂಟದಿಂದ ಬ್ರಾಂದಿ ಬಾಟಲಿ ತೆಗೆದು ಅವಳ ಕೈಗಿಟ್ಟ. "ನಿಂಗ್ಯಾರು ಯೋಳುದ್ರು?"

ಪ್ರೇಮಲತಾ ಅದನ್ನು ಉಗುರಿನಿಂದ ಬಡಿದು ನೋಡಿದಳು. ಜಗಳವಾಡಲೂ ತ್ರಾಣವಿರಲಿಲ್ಲ.

"ಗಾಜಿಂದು" ಎಂದು ವಾಪಸ್ ಕೊಟ್ಟಳು. "ವೋಗಿ, ಮುಂದಿನ್ ಗಾಡಿ ಬರ್ಲಿ."