ಒಲೆಯವನ ಕಾಲು

ನನಗೆ ಮರೆವು ಅಂತ ಹಲ್ಲು ಕಿರಿತೀರಲ್ಲ, ಬಾಯ್ಮುಚ್ಕೊಂಡು ಕೇಳಿ. ಮಾಲ್ಕೋಸನ ಹೆಣಕ್ಕೆ ಕಾಲ ಕಡೆ ಹೆಗಲು ಕೊಟ್ಟವನು ನಾನು. ಯಾವಳೋ ಒಬ್ಬ ಮುದುಕಿ ಅವನ ಕಾಲಿನ ಹೆಬ್ಬೆರಳು ಕಚ್ಚಿ ಕಿತ್ತಾಗ ಕಟಕ್ ಅಂದಿದ್ದು ಇವತ್ತೂ ಕಿವೀಲಿದೆ.

ಅಂತಿಯೋಕ್ಯದ ದಕ್ಷಿಣ ಬಾಗಿಲು ಆಗಷ್ಟೇ ದಾಟಿದ್ವಿ. ಬಟ್ಟೆ ಜಾರಿ ಕಾಲು ಕಾಣ್ತು. ಮೊಣಕಾಲವರೆಗೂ ಸುಟ್ಟ ಕಲೆ. ನಲವತ್ತು ವರ್ಷ ನನ್ನ ಜೊತೆ ಊರ ಸ್ನಾನಗೃಹದ ಒಲೆಗೆ ಸೌದೆ ಒಟ್ಟಿದೋನು, ಇನ್ನು ಹೇಗಿರುತ್ತೆ? ನಂದೂ ಹಂಗೇ ಇದೆ. ಆದರೆ ನಮ್ಮೂರು ಎಂಥದ್ದು? ಯೇಸುವಿನವರಿಗೆ ಕ್ರೈಸ್ತರು ಅಂತ ಮೊದಲು ಹೆಸರು ಬಿದ್ದ ಊರು. ಯೇಸುವಿಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಒಂದು ಚೂರು ಮೂಳೆ ಸಿಕ್ಕರೆ ಸಾಕು ಅಂತ ಪರವೂರಿನ ಜನ ಸ್ಮಶಾನದ ದಾರೀಲೇ ಬಿಡಾರ ಹೂಡಿರ್ತಾರೆ.

“ಬೆಂಕಿಲಿ ಸುಟ್ಟವ್ರೆ! ರಕ್ತಸಾಕ್ಷಿ ಕಣ್ರೋ!” ಅಂತ ಒಬ್ಬ ಕೂಗಿದ.

ಮುಗೀತು. ಚಟ್ಟ ನೆಲಕ್ಕೆ ಬಿತ್ತು. ಚಾಕು ಹೊರಗೆ ಬಂದ್ವು. ಒಬ್ಬ ಬಟ್ಟೆ ಹರಿದ, ಇನ್ನೊಬ್ಬ ಗಡ್ಡ ಕಿತ್ತ. ನನ್ನ ಎರಡು ಹಲ್ಲು ಅಲ್ಲೇ ಉದುರಿದ್ದು. ಮುದುಕಿ ಪಾದಕ್ಕೆ ಮುತ್ತಿಡೋಳ ಹಾಗೆ ಬಗ್ಗಿ ಬಾಯಿ ಹಾಕಿದ್ಳು.

ಮಾಲ್ಕೋಸನ ಮಗಳು ದೊಮ್ನಿನಾ ಚಟ್ಟದ ಕೋಲು ಕಿತ್ತು ಬೀಸಿದ್ಳು. “ನಮ್ಮಪ್ಪ ಕಣ್ರೋ! ಸೌದೆ ಒಟ್ಟೋನು! ಇಡಿಯಾಗಿ ಅಮ್ಮನ ಪಕ್ಕ ಮಲಗಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಕಡೇ ದಿನ ಸತ್ತೋರೆಲ್ಲ ಎದ್ದಾಗ ಅಪ್ಪ ಕುಂಟ್ಕೊಂಡು ಬರಬೇಕಾ?”

“ನಿನಗೇನು ಗೊತ್ತು ತಾಯಿ? ಮಹಾತ್ಮರು ಹೇಳ್ಕೊಳ್ಳಲ್ಲ,” ಅಂದ ಗುಂಪಲ್ಲಿದ್ದ ಒಬ್ಬ ಸಭಾಸೇವಕ, ಪಾದ್ರಿಯ ಕೈಯಾಳು. ಅವನ ಚಾಕು ಮಾಲ್ಕೋಸನ ಮಣಿಕಟ್ಟಿನ ಮೇಲಿತ್ತು.

ದೊಮ್ನಿನಾ ನನ್ನ ಮುಖ ನೋಡಿದ್ಳು. ನಿಜ ಗೊತ್ತಿದ್ದೋರಲ್ಲಿ ಉಳಿದೋರು ನಾವಿಬ್ಬರೇ; ಅವಳಿಗೆ ಅಪ್ಪನೇ ಹೇಳಿದ್ದ.

*

ಅದು ರೋಮಿನವರು ನಮ್ಮೋರನ್ನ ಹಿಡಿಹಿಡಿದು ಕೊಂದ ವರ್ಷ. ಚೌಕದಲ್ಲಿ ವಿಗ್ರಹ, ಮುಂದೆ ಕೆಂಡದ ಬಟ್ಟಲು. ಅದಕ್ಕೆ ಧೂಪ ಹಾಕಿದೋನು ಯೇಸೂನ ಬಿಟ್ಟ ಹಾಗೆ, ಅವನ ಜೀವ ಉಳೀತಿತ್ತು. ಸಾಲಿನಲ್ಲಿ ನಮ್ಮ ಮುಂದಿದ್ದೋನು ಧೂಪ ಹಾಕಲ್ಲ ಅಂದ. ಅವನ ನಾಲಿಗೆ ಕೊಯ್ದು ನಮ್ಮ ಕಾಲ ಹತ್ರ ಎಸೆದರು. ಮಾಲ್ಕೋಸನ ತೋಳಲ್ಲಿ ಕೂಸು ದೊಮ್ನಿನಾ.

“ನೀನು ಹಾಕದಿದ್ರೆ ಮಗೂನ ಹಾಕ್ತೀವಿ,” ಅಂದ ಸಿಪಾಯಿ.

ಮಾಲ್ಕೋಸ ಒಂದು ಚಿಟಿಕೆ ಹಾಕಿದ. ನಾನು? ಯಾರೂ ಹೆದರಿಸದೇನೇ ಎರಡು ಹಿಡಿ ಹಾಕ್ದೆ.

*

“ಧೂಪ ಹಾಕಿದಾನೆ ಕಣ್ರೋ!” ದೊಮ್ನಿನಾ ಕಿರುಚಿದ್ಳು. “ವಿಗ್ರಹಕ್ಕೆ! ಯೇಸೂನ ಬಿಟ್ಟುಕೊಟ್ಟೋನು ನಮ್ಮಪ್ಪ!”

ಸಭಾಸೇವಕ ಮಣಿಕಟ್ಟು ಬಿಟ್ಟ. ಕೈಯನ್ನ ಅಂಗಿಗೆ ಒರೆಸ್ಕೊಂಡ. “ಥೂ, ನಾಯಿ ಹೆಣ!” ಮುದುಕಿ ಬೆರಳು ಉಗಿದ್ಳು. ಆಮೇಲೆ ಕಲ್ಲು ಬಿದ್ವು. ಅವತ್ತು ಸಾಲಿನಲ್ಲಿ ಮಾಲ್ಕೋಸನ ಹಿಂದೇನೇ ನಿಂತಿದ್ದೆ, ನಾನೂ ಹಾಕ್ದೆ ಅಂತ ಹೇಳಬಹುದಿತ್ತು. ಹೇಳಲಿಲ್ಲ.

ಹಣೆಯಿಂದ ರಕ್ತ ಇಳೀತಿದ್ರೂ ದೊಮ್ನಿನಾ ಮಣ್ಣಲ್ಲಿ ತಡಕಾಡಿ ಬೆರಳು ಹುಡುಕಿದ್ಳು, ಮುಸುಕಲ್ಲಿ ಒರೆಸಿ, ಇದ್ದ ಜಾಗಕ್ಕಿಟ್ಟು ದಾರ ಸುತ್ತಿದ್ಳು. ಅವಳಮ್ಮನ ಪಕ್ಕದಲ್ಲೇ ಹೂತ್ವಿ. ಕೀರ್ತನೆ ಹಾಡೋರು ಯಾರೂ ಇರಲಿಲ್ಲ.

ಅಲ್ಲಿ ಹಾದುಹೋಗೋರು ಈಗಲೂ ಉಗಿದು ಒಂದೊಂದು ಕಲ್ಲು ಎಸೀತಾರೆ. ರಾಶಿ ಎದೆಮಟ್ಟ ಬೆಳೆದಿದೆ, ನರಿಗೂ ತೋಡೋಕಾಗಲ್ಲ. ಸುತ್ತಲಿನ ಮಹಾತ್ಮರ ಗೋರಿಗಳೆಲ್ಲ ತೆರೆದು ಬಿದ್ದಿವೆ. ಒಳಗೆ ಒಂದು ಹಲ್ಲೂ ಉಳಿದಿಲ್ಲ.

ನಾನು ಹೋಗೋ ಕಾಲ ಬಂತು. ನಾಳೆ ಆ ದಾರೀಲಿ ಮಾಲ್ಕೋಸನ ಗೋರಿಗೆ ಎಸೆಯೋಕೆ ಯಾರಾದ್ರೂ ಕಲ್ಲು ಎತ್ತಿದ್ರೆ, ತಡೀಬೇಡಿ, ಈ ಕತೆ ಮಾತ್ರ ಹೇಳಿ, ನನ್ನ ಎರಡು ಹಿಡೀನೂ ಸೇರಿಸಿ.