ಹನ್ನೆರಡರಲ್ಲಿ ಏಳು

ಮಹಾದೇವಮ್ಮ ಟೀಚರ್ ಇಪ್ಪತ್ತೊಂಬತ್ತು ವರ್ಷದಿಂದ ಒಂದು, ಎರಡನೇ ತರಗತಿಯ ಮಕ್ಕಳಿಗೆ ಕಳೆಯುವ ಲೆಕ್ಕ ಕಲಿಸುತ್ತಿದ್ದವರು. ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಮುಳ್ಳೂರಿನ ಆಚೆಯ ಶಾಲೆಗೆ ಹೋಗಿಬರುತ್ತಿದ್ದರು. ಮೊದಲು ಕತೆ ಹೇಳುವುದು, ಆಮೇಲೆ ಅದನ್ನೇ ಅಂಕಿಗಳಲ್ಲಿ ಬರೆಸುವುದು ಅವರ ಕ್ರಮ.

ಜುಲೈ ತಿಂಗಳ ಒಂದು ಸೋಮವಾರ ಅವರು, "ಚೆಲುವಮ್ಮನ ಮಂಕರಿಯಲ್ಲಿ ಹನ್ನೆರಡು ಸೀಬೆಹಣ್ಣು ಇದ್ವು. ಕೋತಿ ಬಂದು ಏಳು ಹಣ್ಣು ಎತ್ಕೊಂಡು ಹೋಯ್ತು" ಎಂದು ಹೇಳಿ, ಹಲಗೆಯ ಮೇಲೆ 12 – 7 = ಎಂದು ಬರೆದರು. ಸೀಮೆಸುಣ್ಣ ಅಲ್ಲೇ ನಿಂತಿತು. ಕತೆ ಅರ್ಥವಾಗುತ್ತಿತ್ತು. ಕೋತಿ, ಮಂಕರಿ, ಹಣ್ಣು ಎಲ್ಲ ಕಣ್ಣ ಮುಂದಿದ್ದವು. ಆದರೆ ಹಲಗೆಯ ಮೇಲಿನ ಅಂಕಿಗಳನ್ನು ಈಗಷ್ಟೇ ಮೊದಲ ಸಲ ನೋಡಿದಂತಿತ್ತು. ನಡುವಿನ ಗೆರೆ ಯಾಕಿದೆ ಎಂಬುದೇ ಹೊಳೆಯಲಿಲ್ಲ.

"ಐದು, ಮಿಸ್!" ಎಂದು ಎರಡನೇ ತರಗತಿಯ ದಿವ್ಯ ಕೂಗಿದಳು.

"ಬಾ, ನೀನೇ ಬರಿ" ಅಂದರು. ಸೀಮೆಸುಣ್ಣವನ್ನು ಅವಳ ಕೈಗಿಟ್ಟರು.

ನಿದ್ದೆ ಸಾಲದೆ ಹೀಗಾಯಿತು ಎಂದುಕೊಂಡರು. ಮಂಗಳವಾರವೂ ಹಾಗೇ ಆಯಿತು. ಆಮೇಲೆ ಪ್ರತಿ ಲೆಕ್ಕಕ್ಕೂ ಒಂದೊಂದು ಮಗುವನ್ನು ಹಲಗೆಗೆ ಕರೆಯತೊಡಗಿದರು. ಮಕ್ಕಳಿಗೆ ಅದು ಖುಷಿಯೇ. ಪುಸ್ತಕ ತಿದ್ದುವುದನ್ನು ಮಾತ್ರ ತಪ್ಪಿಸಿಕೊಳ್ಳುವಂತಿರಲಿಲ್ಲ. ಗಂಡ ರಾಜಣ್ಣನಿಗೂ ಹೇಳದೆ, ಅಂದಾಜಿನ ಮೇಲೆ ರೈಟು, ತಪ್ಪು ಹಾಕುತ್ತ ಹೋದರು.

ಎರಡನೇ ವಾರ ದಿವ್ಯಳ ಅಪ್ಪ ಉದಯಕುಮಾರ್ ಮಗಳನ್ನೂ ಅವಳ ಪುಸ್ತಕವನ್ನೂ ಹಿಡಿದುಕೊಂಡು ಬಂದ.

"ಏನ್ ಮಿಸ್ಸು, ಒಂಬತ್ರಲ್ಲಿ ನಾಕು ಕಳುದ್ರೆ ಆರಾ? ರೈಟ್ ಆಕಿದ್ದೀರಲ್ಲ! ನಾನು ಎಸ್ಸೆಲ್ಸಿ ಫೇಲಾದೋನು, ನಂಗೇ ಗೊತ್ತಾಯ್ತದೆ."

ಆ ದನಿಗೆ ಮುಖ್ಯ ಶಿಕ್ಷಕ ಶಾಂತಮೂರ್ತಿ ಹೊರಗೆ ಬಂದರು. ಪುಸ್ತಕ ನೋಡಿ, "ಮಗೂನೇ ಆಮೇಲೆ ಅಳಿಸಿ ಬರ್ದಿರ್ಬೇಕು ಕಣಪ್ಪ" ಅಂದರು.

"ನಾನು ಅಳಿಸಿಲ್ಲ ಸಾ" ಎಂದು ದಿವ್ಯ ಅಳತೊಡಗಿದಳು.

"ಸುಳ್ಳೇಳ್ತೀಯೇನೇ?" ಎಂದು ಉದಯಕುಮಾರ್ ಕೈ ಎತ್ತಿದ.

ಮಹಾದೇವಮ್ಮ ನಡುವೆ ಬಂದರು. "ಮಗೀಗೆ ಹೊಡೀಬೇಡಿ. ತಪ್ಪು ನಂದೇ. ನಂಗೆ ಲೆಕ್ಕ ಬರ್ತಾ ಇಲ್ಲ."

ಉದಯಕುಮಾರ್ ಎತ್ತಿದ ಕೈ ಇಳಿಸಿದ. ದನಿ ತಗ್ಗಿಸಿ, "ಆಸ್ಪತ್ರೇಲಿ ತೋರುಸ್ಕಳಿ ಮಿಸ್ಸು" ಅಂದ.

ಮೈಸೂರಿನಲ್ಲಿ ಸ್ಕ್ಯಾನ್ ಮಾಡಿದಾಗ ಮೆದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದ್ದು ತಿಳಿಯಿತು. ಲೆಕ್ಕ ಮತ್ತೆ ಬರಬಹುದು, ಬರದೆಯೂ ಇರಬಹುದು ಅಂದರು ಡಾಕ್ಟರು. "ಆಗ್ಲೇ ಬಂದಿದ್ರೆ..." ಎನ್ನುತ್ತ ಮಾತ್ರೆಯ ಚೀಟಿ ಬರೆದರು. ಎರಡು ವಾರ ಮುಚ್ಚಿಟ್ಟದ್ದಕ್ಕೆ ರಾಜಣ್ಣ ದಾರಿಯುದ್ದಕ್ಕೂ ಬೈದು, ಕೊಳ್ಳೇಗಾಲ ಬರುವಷ್ಟರಲ್ಲಿ ಸುಮ್ಮನಾದರು.

ಎರಡು ತಿಂಗಳ ರಜೆ ಮುಗಿಸಿ ಮಹಾದೇವಮ್ಮ ಶಾಲೆಗೆ ಮರಳಿದರು. ಈಗ ಲೆಕ್ಕದ ಪಾಠ ಶಾಂತಮೂರ್ತಿಯವರದು, ಇವರಿಗೆ ಕನ್ನಡ ಮಾತ್ರ. ದಿವ್ಯ ಮೊದಲಿನಂತೆ ಹತ್ತಿರ ಬರುವುದಿಲ್ಲ. ಕರೆದರೆ ಬಾಗಿಲ ಬಳಿಯೇ ನಿಲ್ಲುತ್ತಾಳೆ. ಅಂದು ತಾನು ಅವಳ ಪರವಾಗಿ ಇನ್ನೂ ಬೇಗ ಬಾಯಿಬಿಡಬೇಕಿತ್ತು ಎಂದು ಅವರಿಗೆ ಅನಿಸುತ್ತದೆ.

ರಾಜಣ್ಣ ಬೆಳಿಗ್ಗೆ ಕಾಫಿಯ ಜೊತೆ ಐದು ಕಳೆಯುವ ಲೆಕ್ಕ ಬರೆದುಕೊಡುತ್ತಾರೆ. ಕೆಲವು ದಿನ ಮೂರು ಸರಿಯಾಗುತ್ತವೆ, ಕೆಲವು ದಿನ ಒಂದೂ ಇಲ್ಲ. ಎಷ್ಟು ತಪ್ಪಾದವು ಎಂದು ಮಹಾದೇವಮ್ಮ ಕೇಳುವುದಿಲ್ಲ. ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೊರಡುತ್ತಾರೆ.